ಯಂತ್ರದ ಇಂದ್ರಿಯಗಳು: ಹಳೆಯ ನಿಯಂತ್ರಣ ವ್ಯವಸ್ಥೆಗಳಲ್ಲಿ ಇನ್‌ಪುಟ್ ಕಾರ್ಡುಗಳ ಬದಲಾವಣೆ

ಘಟಪ್ರಭೆಯ ದಂಡೆಯ ಮೇಲೆ ಬಾಳುವ ಜನರಿಗೆ ನೀರಿನ ಅಳತೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದಿಂದ ಬಿಟ್ಟ ನೀರೂ ಹಿರಣ್ಯಕೇಶಿಯ ನೀರೂ ಕೂಡಿಕೊಂಡು ಧುಪದಾಳದ ಒಡ್ಡಿಗೆ ಬರುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಲಾದ ಈ ಒಡ್ಡಿನಿಂದ ಎಡದಂಡೆಯ ಕಾಲುವೆಗೆ ಎಷ್ಟು ನೀರು ಹರಿಸಬೇಕು, ನದಿಗೆ ಎಷ್ಟು ಬಿಡಬೇಕು ಎಂಬುದನ್ನು ನಿರ್ಧರಿಸುವ ಮೊದಲು ಆಗಬೇಕಾದ ಕೆಲಸ ಒಂದಿದೆ. ನೀರು ಎಷ್ಟಿದೆ ಎಂಬುದನ್ನು ತಪ್ಪಿಲ್ಲದೆ ಓದುವುದೇ ಆ ಕೆಲಸ. ಅಳತೆಪಟ್ಟಿಯ ಒಂದು ಗೆರೆ ತಪ್ಪಾಗಿ ಓದಲ್ಪಟ್ಟರೆ, ಅದನ್ನು ನಂಬಿ ಮಾಡಿದ ಲೆಕ್ಕವೂ ಆ ಲೆಕ್ಕದಂತೆ ಕೊಟ್ಟ ಅಪ್ಪಣೆಯೂ ತಪ್ಪುತ್ತವೆ. 2019ರ ಆಗಸ್ಟ್ ತಿಂಗಳಲ್ಲಿ ನೆರೆಯ ನೀರು ಗೋಕಾಕ ಪಟ್ಟಣವನ್ನು ಹೊಕ್ಕ ದಿನಗಳನ್ನು ಕಂಡವರಿಗೆ, ನದಿಯ ಸರಿಯಾದ ಸುದ್ದಿ ಸಕಾಲಕ್ಕೆ ತಲುಪುವುದರ ಬೆಲೆ ಎಷ್ಟೆಂಬುದು ಗೊತ್ತು.

ಮನುಷ್ಯನು ಕಣ್ಣಿನಿಂದ ಓದುತ್ತಿದ್ದ ಇಂಥ ಅಳತೆಗಳನ್ನು ಈಗ ಅನೇಕ ಕಡೆಗಳಲ್ಲಿ ಯಂತ್ರವೇ ಓದುತ್ತದೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ, ನೂಲಿನ ಗಿರಣಿಯಲ್ಲಿ, ಜಲವಿದ್ಯುತ್ ಕೇಂದ್ರದಲ್ಲಿ, ಊರಿಗೆ ನೀರು ಎತ್ತುವ ಪಂಪುಮನೆಯಲ್ಲಿ ಹೀಗೆ ಓದುವ ಅಂಗಕ್ಕೆ ಇನ್‌ಪುಟ್ ಮಾಡ್ಯೂಲ್ ಎಂದು ಹೆಸರು. ಕಾರ್ಖಾನೆಯ ರೂಢಿಯ ಮಾತಿನಲ್ಲಿ ಅದು ಇನ್‌ಪುಟ್ ಕಾರ್ಡು. ಈ ಕಾರ್ಡುಗಳಿಗೂ ವಯಸ್ಸಾಗುತ್ತದೆ. ವಯಸ್ಸಾದ ಕಾರ್ಡನ್ನು ಬದಲಿಸುವುದು ಸುಟ್ಟ ದೀಪವನ್ನು ತೆಗೆದು ಹೊಸದನ್ನು ಹಾಕಿದಷ್ಟು ಸುಲಭವಲ್ಲವೆಂಬುದನ್ನೂ, ಅದನ್ನು ಯಾವ ಎಚ್ಚರಿಕೆಯಿಂದ ಮಾಡಬೇಕೆಂಬುದನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಮೂರು ಅಂಗಗಳು

ನಮ್ಮ ನಾಡಿಗೆ ಯಂತ್ರಶಕ್ತಿ ಹೊಸದಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ಅಲ್ಲಿಯ ನೂಲಿನ ಗಿರಣಿ 1887ರಷ್ಟು ಹಿಂದೆಯೇ ನಡೆಯತೊಡಗಿತು. ಆ ಕಾಲದಲ್ಲಿ ಯಂತ್ರವನ್ನು ನಡೆಸುವ, ನಿಲ್ಲಿಸುವ ವಿವೇಕವೆಲ್ಲ ಕೆಲಸಗಾರನ ಕಣ್ಣು ಕೈಗಳಲ್ಲಿತ್ತು. ಮುಂದೆ ಆ ವಿವೇಕದ ಒಂದು ಪಾಲನ್ನು ರಿಲೇ ಎಂಬ ವಿದ್ಯುತ್ ಕೀಲಿಗಳಿಗೆ ವಹಿಸಲಾಯಿತು. ನೂರಾರು ರಿಲೇಗಳನ್ನು ತಂತಿಗಳಿಂದ ಹೆಣೆದ ಪ್ಯಾನೆಲ್ಲುಗಳು ಗೋಡೆಯುದ್ದಕ್ಕೂ ನಿಂತವು. ಕೆಲಸದ ಕ್ರಮದಲ್ಲಿ ಸಣ್ಣ ಬದಲಾವಣೆ ಬೇಕಾದರೂ ತಂತಿಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗಿತ್ತು. ಈ ತೊಂದರೆಯನ್ನು ನೀಗಿಸಲು ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ 1968ರಲ್ಲಿ ಹೊಸ ಸಾಧನವೊಂದನ್ನು ಬಯಸಿತು. ಡಿಕ್ ಮಾರ್ಲೆ ಮತ್ತು ಅವರ ಸಂಗಡಿಗರು ರೂಪಿಸಿದ ಮೋಡಿಕಾನ್ 084 ಎಂಬ ಯಂತ್ರ ಅದಕ್ಕೆ ಉತ್ತರವಾಯಿತು. ಇಂದು ಪಿಎಲ್‌ಸಿ ಎಂದು ಕರೆಯಲಾಗುವ ನಿಯಂತ್ರಕಗಳ ವಂಶಕ್ಕೆ ಅದೇ ಮೂಲಪುರುಷ.

ಪಿಎಲ್‌ಸಿಗೆ ಮುಖ್ಯವಾಗಿ ಮೂರು ಅಂಗಗಳು. ಸುದ್ದಿಯನ್ನು ಒಳಗೆ ತರುವುದು ಇನ್‌ಪುಟ್ ಕಾರ್ಡು. ವಿಚಾರ ಮಾಡುವುದು ನಡುವಿನ ಪ್ರೊಸೆಸರ್. ಅಪ್ಪಣೆಯನ್ನು ಹೊರಗೆ ಒಯ್ಯುವುದು ಔಟ್‌ಪುಟ್ ಕಾರ್ಡು. ಮನುಷ್ಯನ ಜ್ಞಾನೇಂದ್ರಿಯ, ಬುದ್ಧಿ, ಕರ್ಮೇಂದ್ರಿಯಗಳಿಗೆ ಇವನ್ನು ಹೋಲಿಸಬಹುದು. ಆದರೆ ಒಂದು ಭೇದವಿದೆ. ಮನುಷ್ಯನು ತನ್ನ ಕಣ್ಣನ್ನು ಸಂದೇಹಿಸಬಲ್ಲ. ಕಂಡದ್ದು ನಿಜವೇ ಎಂದು ಇನ್ನೊಬ್ಬನನ್ನು ಕೇಳಬಲ್ಲ. ಹಾಗೆ ಸಂದೇಹಿಸಲು ಮೊದಲೇ ಕಲಿಸದಿದ್ದರೆ, ಯಂತ್ರವು ಇನ್‌ಪುಟ್ ಕಾರ್ಡು ಹೇಳಿದ್ದನ್ನೆಲ್ಲ ನಂಬುತ್ತದೆ.

ಇನ್‌ಪುಟ್ ಕಾರ್ಡುಗಳಲ್ಲಿ ಎರಡು ಬಗೆ. ಮೊದಲನೆಯದು ಹೌದು ಅಥವಾ ಇಲ್ಲ ಎಂಬಷ್ಟನ್ನೇ ತಿಳಿಸುವುದು: ಬಾಗಿಲು ಮುಚ್ಚಿದೆಯೇ, ಮೋಟರು ಓಡುತ್ತಿದೆಯೇ, ಗುಂಡಿ ಒತ್ತಲಾಗಿದೆಯೇ. 24 ವೋಲ್ಟಿನ ಇಂಥ ಕಾರ್ಡು ಸಾಮಾನ್ಯವಾಗಿ 15 ವೋಲ್ಟಿಗೆ ಮೇಲ್ಪಟ್ಟಿದ್ದರೆ ಹೌದೆಂದೂ, 5 ವೋಲ್ಟಿಗಿಂತ ಕಡಿಮೆಯಿದ್ದರೆ ಇಲ್ಲವೆಂದೂ ತಿಳಿಯುತ್ತದೆ. ಎರಡನೆಯದು ಪ್ರಮಾಣವನ್ನು ತಿಳಿಸುವುದು: ಒತ್ತಡ ಎಷ್ಟು, ಉಷ್ಣತೆ ಎಷ್ಟು, ನೀರಿನ ಮಟ್ಟ ಎಷ್ಟು. ಇದಕ್ಕೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವನ್ನು ಬಳಸುವುದು ವಾಡಿಕೆ. ತೊಟ್ಟಿ ಬರಿದಾಗಿದ್ದರೆ 4, ಅರ್ಧ ತುಂಬಿದ್ದರೆ 12, ಪೂರ್ತಿ ತುಂಬಿದ್ದರೆ 20. ಸೊನ್ನೆಯಿಂದ ಆರಂಭಿಸದೆ 4ರಿಂದ ಆರಂಭಿಸಿದುದರಲ್ಲಿ ದೊಡ್ಡ ಜಾಣತನವಿದೆ. ತೊಟ್ಟಿ ಬರಿದಾದರೂ 4 ಮಿಲಿಆಂಪಿಯರ್ ಹರಿಯುತ್ತಲೇ ಇರಬೇಕು. ಪ್ರವಾಹ ಸೊನ್ನೆಗೆ ಇಳಿದರೆ ತಂತಿ ಕಡಿದಿದೆ ಎಂದೇ ಅರ್ಥ. ‘ಏನೂ ಇಲ್ಲ’ ಎಂಬ ಸುದ್ದಿಗೂ ‘ಸುದ್ದಿಯೇ ಬಂದಿಲ್ಲ’ ಎಂಬ ಸ್ಥಿತಿಗೂ ಇರುವ ಅಂತರ ಇದರಿಂದ ಉಳಿಯುತ್ತದೆ.

ಮುಪ್ಪಿನ ಕಾರಣಗಳು

ಇನ್‌ಪುಟ್ ಕಾರ್ಡಿನಲ್ಲಿ ತಿರುಗುವ ಚಕ್ರವಿಲ್ಲ, ಸವೆಯುವ ಬೇರಿಂಗಿಲ್ಲ. ಆದರೂ ಅದು ಮುಪ್ಪಾಗುತ್ತದೆ. ಹೊರಗಿನ ವಿದ್ಯುತ್ ಒಳಗಿನ ಸೂಕ್ಷ್ಮ ಭಾಗಗಳನ್ನು ಮುಟ್ಟದಿರಲೆಂದು ಸುದ್ದಿಯನ್ನು ಬೆಳಕಿನ ರೂಪದಲ್ಲಿ ದಾಟಿಸುವ ಆಪ್ಟೋಕಪ್ಲರ್ ಎಂಬ ಭಾಗವಿರುತ್ತದೆ. ಅದರೊಳಗಿನ ಪುಟ್ಟ ದೀಪ ವರ್ಷಗಳು ಕಳೆದಂತೆ ಮಂಕಾಗುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗಿನ ದ್ರವ ಮೆಲ್ಲಗೆ ಆರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. ಬಾಯ್ಲರಿನ ಪಕ್ಕದ ಕೋಣೆಯಲ್ಲಿ ತಂಪುಗಾಳಿಯ ಏರ್ಪಾಡಿಲ್ಲದೆ ನಿಂತ ಪ್ಯಾನೆಲ್ಲಿಗೆ ಇದು ಸಣ್ಣ ಮಾತಲ್ಲ. ತೇವ, ಧೂಳು, ಕಬ್ಬಿನ ಸಿಪ್ಪೆಯ ಪುಡಿ ಕೂಡಿ ಸಂಪರ್ಕದ ಹಲ್ಲುಗಳ ಮೇಲೆ ಪೊರೆ ಕಟ್ಟುತ್ತವೆ.

ಇಂಥ ಕಾರ್ಡು ಒಮ್ಮೆಲೇ ಸತ್ತರೆ ಅದು ದುರದೃಷ್ಟದಲ್ಲೂ ಅದೃಷ್ಟ. ಏಕೆಂದರೆ ದೋಷ ಕೂಡಲೇ ಕಣ್ಣಿಗೆ ಬೀಳುತ್ತದೆ. ನಿಜವಾದ ಅಪಾಯವಿರುವುದು ಅದು ಸಾಯದೆ ಸುಳ್ಳು ಹೇಳತೊಡಗಿದಾಗ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಬಿಸಿಲಿಗೆ ತಪ್ಪುವ, ಪ್ಯಾನೆಲ್ಲಿನ ಬಾಗಿಲು ಬಡಿದರೆ ಸರಿಹೋಗುವ ಕಾರ್ಡುಗಳು ಎಷ್ಟೋ ದಿನ ಯಾರ ಗಮನಕ್ಕೂ ಬರುವುದಿಲ್ಲ.

ಯಂತ್ರಕ್ಕೆ ತಲುಪುವ ಸುದ್ದಿ ಸುಳ್ಳಾದರೆ ಏನಾದೀತೆಂಬುದಕ್ಕೆ ಅಮೆರಿಕದ ಮಿಸ್ಸೌರಿ ರಾಜ್ಯದ ಟಾಮ್ ಸಾಕ್ ಜಲವಿದ್ಯುತ್ ಕೇಂದ್ರದ ದುರಂತ ಸಾಕ್ಷಿ. ಅಲ್ಲಿ ಬೆಟ್ಟದ ಮೇಲಿನ ಜಲಾಶಯಕ್ಕೆ ಪಂಪುಗಳು ನೀರು ತುಂಬುತ್ತಿದ್ದವು. ಮಟ್ಟವನ್ನು ಅಳೆಯುವ ಸೆನ್ಸರುಗಳನ್ನು ಹಿಡಿದಿಟ್ಟ ಕೊಳವೆಗಳು ಸಡಿಲಗೊಂಡು ಬಾಗಿದ್ದರಿಂದ, ನಿಜವಾದ ಮಟ್ಟಕ್ಕಿಂತ ಕಡಿಮೆ ಮಟ್ಟ ತೋರುತ್ತಿತ್ತು. ಕೊನೆಯ ರಕ್ಷಣೆಗೆಂದು ಇಟ್ಟ ಸೆನ್ಸರುಗಳೂ ಗೋಡೆಯ ಅತ್ಯಂತ ತಗ್ಗಿನ ಭಾಗಕ್ಕಿಂತ ಎತ್ತರದಲ್ಲಿದ್ದವು. 2005ರ ಡಿಸೆಂಬರ್ 14ರ ಬೆಳಗಿನ ಜಾವ ನೀರು ಗೋಡೆಯ ಮೇಲೆ ಹರಿದು, ಜಲಾಶಯ ಒಡೆದು, ಕೆಳಗಿನ ಉದ್ಯಾನದಲ್ಲಿ ವಾಸವಾಗಿದ್ದ ಒಂದು ಕುಟುಂಬವನ್ನು ಕೊಚ್ಚಿಕೊಂಡು ಹೋಯಿತು. ಅವರೆಲ್ಲರೂ ಬದುಕಿ ಉಳಿದದ್ದು ಪುಣ್ಯ. ಅಲ್ಲಿ ತಪ್ಪಿದ್ದು ಕಾರ್ಡಲ್ಲ, ಸೆನ್ಸರು. ಆದರೆ ಪಾಠ ಒಂದೇ. ಪಂಪುಗಳು ತಮ್ಮ ಕೆಲಸವನ್ನು ಮಾಡುತ್ತಲೇ ಇದ್ದವು. ಸುದ್ದಿ ಮಾತ್ರ ಸುಳ್ಳಾಗಿತ್ತು.

ಬದಲಾವಣೆ ಏಕೆ ಕಠಿಣ

ಹಳೆಯ ಕಾರ್ಡಿನಂಥದೇ ಹೊಸ ಕಾರ್ಡು ದೊರೆತರೆ ಕೆಲಸ ಅರ್ಧ ಮುಗಿದಂತೆ. ಆದರೆ ಅವು ಯಾವಾಗಲೂ ದೊರೆಯುವುದಿಲ್ಲ. ಸೀಮೆನ್ಸ್ ಸಂಸ್ಥೆಯ ಸಿಮ್ಯಾಟಿಕ್ ಎಸ್-5 ಎಂಬ ಪ್ರಸಿದ್ಧ ಮಾದರಿ 1979ರಲ್ಲಿ ಬಂದಿತು. ಅದರ ಬಿಡಿಭಾಗಗಳ ಪೂರೈಕೆ 2020ಕ್ಕೆ ಕೊನೆಗೊಂಡಿತು. 1986ರಲ್ಲಿ ಬಂದ ಅಲೆನ್-ಬ್ರ್ಯಾಡ್ಲಿಯ ಪಿಎಲ್‌ಸಿ-5 ಮಾದರಿಯ ತಯಾರಿಕೆ 2017ರಲ್ಲಿ ನಿಂತಿತು. ಯಂತ್ರ ಇನ್ನೂ ಗಟ್ಟಿಯಾಗಿದ್ದು, ಅದರ ಕಣ್ಣಿಗೆ ಬದಲಿ ಕಣ್ಣು ಪೇಟೆಯಲ್ಲಿ ಸಿಗದಂಥ ಸ್ಥಿತಿ ಇದು. ಹಿಡಕಲ್ಲಿನ ಅಣೆಕಟ್ಟಿನ ಬುಡದ 32 ಮೆಗಾವಾಟ್ ವಿದ್ಯುತ್ ಕೇಂದ್ರ ಆರಂಭವಾದದ್ದು 1992ರಲ್ಲಿ. ಮೂವತ್ತು ವರ್ಷ ದಾಟಿದ ಯಾವ ಸ್ಥಾವರವೇ ಆಗಲಿ, ಎಲ್ಲಿಯದೇ ಆಗಲಿ, ತನ್ನ ನಿಯಂತ್ರಣ ವ್ಯವಸ್ಥೆಯ ವಯಸ್ಸನ್ನು ಲೆಕ್ಕ ಹಾಕಲೇಬೇಕಾಗುತ್ತದೆ.

ಆಗ ಇರುವ ಮಾರ್ಗಗಳು ಮೂರು. ಬಳಸಿದ ಹಳೆಯ ಕಾರ್ಡನ್ನು ಹುಡುಕಿ ತಂದು, ಪರೀಕ್ಷಿಸಿ ಹಾಕುವುದು ಒಂದು. ಇದರಿಂದ ಕೆಲವು ವರ್ಷ ದೂಡಬಹುದು. ಹೊರಗಿನ ತಂತಿಗಳನ್ನೂ ಪ್ರೊಸೆಸರನ್ನೂ ಹಾಗೆಯೇ ಉಳಿಸಿ, ನಡುವೆ ಹೊಂದಿಸುವ ಉಪಕರಣದೊಡನೆ ಹೊಸ ಕಾರ್ಡುಗಳನ್ನು ಜೋಡಿಸುವುದು ಎರಡನೆಯದು. ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಮಾಡುವುದು ಮೂರನೆಯದು. ಯಾವ ಮಾರ್ಗವನ್ನು ಹಿಡಿದರೂ ಹೊಸ ಕಾರ್ಡು ಹಳೆಯದರ ಅರ್ಥವನ್ನೇ ಹೇಳುತ್ತದೆಯೇ ಎಂಬ ಪ್ರಶ್ನೆ ತಪ್ಪದು.

ಒಂದು ಉದಾಹರಣೆಯನ್ನು ನೋಡೋಣ. ಎಸ್-5 ಕಾರ್ಡು 4 ಮಿಲಿಆಂಪಿಯರನ್ನು 512 ಎಂದೂ 20 ಮಿಲಿಆಂಪಿಯರನ್ನು 2560 ಎಂದೂ ಓದುತ್ತಿತ್ತು. ಅದರ ನಂತರದ ಎಸ್-7 ಮಾದರಿ ಅದೇ ಪ್ರವಾಹವನ್ನು 0ಯಿಂದ 27648ರ ವರೆಗೆ ಎಣಿಸುತ್ತದೆ. ಅರ್ಧ ತುಂಬಿದ ತೊಟ್ಟಿ ಹಳೆಯ ಲೆಕ್ಕದಲ್ಲಿ 1536, ಹೊಸ ಲೆಕ್ಕದಲ್ಲಿ 13824. ಸೇರಿಗೂ ಲೀಟರಿಗೂ ವ್ಯತ್ಯಾಸ ತಿಳಿಯದೆ ಹಾಲು ಅಳೆದಂತೆ, ಹಳೆಯ ಪ್ರೋಗ್ರಾಮಿಗೆ ಹೊಸ ಸಂಖ್ಯೆಯನ್ನು ಕೊಟ್ಟರೆ ಬಾಯ್ಲರಿನ ನೀರಿನ ಲೆಕ್ಕವೇ ತಲೆಕೆಳಗಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಭೇದಗಳೂ ಉಂಟು. ಹಳೆಯ ಕಾರ್ಡು ನಿಧಾನಿ. ಸ್ವಿಚ್ಚಿನ ಕ್ಷಣಮಾತ್ರದ ಅದುರಾಟ ಅದಕ್ಕೆ ಕಾಣುತ್ತಿರಲಿಲ್ಲ. ಹೊಸದು ಚುರುಕು, ಸಾಗುಪಟ್ಟಿಯ ಮೇಲೆ ಹೋಗುವ ಒಂದು ಸಕ್ಕರೆ ಚೀಲವನ್ನು ಎರಡೆಂದು ಎಣಿಸಬಹುದು. ಹಳೆಯದು ಹೆಚ್ಚು ಪ್ರವಾಹವನ್ನು ಎಳೆಯುತ್ತಿತ್ತು. ಅದರಿಂದ ಸ್ವಿಚ್ಚಿನ ಸಂಪರ್ಕಗಳ ಮೇಲಿನ ಪೊರೆ ತಾನಾಗಿ ಸುಡುತ್ತಿತ್ತು. ಹೊಸದು ಅಲ್ಪಾಹಾರಿ, ಆದ್ದರಿಂದ ಹಳೆಯ ಸ್ವಿಚ್ಚು ಮುಚ್ಚಿದ್ದರೂ ಅದಕ್ಕೆ ತಿಳಿಯದಿರಬಹುದು, ತಂತಿಯಲ್ಲಿ ಸೋರುವ ಅಲ್ಪ ಪ್ರವಾಹವನ್ನೇ ನಿಜವಾದ ಸುದ್ದಿಯೆಂದು ಭ್ರಮಿಸಬಹುದು. ಇವುಗಳಿಗೆಲ್ಲ ಪರಿಹಾರವಿದೆ, ಆದರೆ ಭೇದವಿದೆಯೆಂದು ಮೊದಲು ತಿಳಿದಿರಬೇಕು.

ಕೆಲಸದ ಕ್ರಮ

ಕಬ್ಬು ನುರಿಸುವ ಹಂಗಾಮು ಮುಗಿದ ಮೇಲಿನ ತಿಂಗಳುಗಳು ಇಂಥ ಕೆಲಸಕ್ಕೆ ಯೋಗ್ಯಕಾಲ. ಮೊದಲು ಎಲ್ಲ ಕಾರ್ಡುಗಳ ಪಟ್ಟಿ ಮಾಡಿ, ಯಾವ ತಂತಿ ಯಾವ ಸಾಧನದಿಂದ ಬಂದಿದೆ, ಅದು ತಪ್ಪಿದರೆ ಏನಾದೀತು ಎಂಬುದನ್ನು ಬರೆಯಬೇಕು. ನಕ್ಷೆಯನ್ನು ನಂಬದೆ, ತಂತಿಯ ಗುಂಟ ಹೋಗಿ ಕಣ್ಣಾರೆ ಕಾಣಬೇಕು. ಹಿಂದಿನ ಯಾವುದೋ ರಾತ್ರಿಪಾಳಿಯಲ್ಲಿ ತುರ್ತಿಗೆ ಮಾಡಿದ ಬದಲಾವಣೆ ನಕ್ಷೆಗೆ ಏರಿರುವುದಿಲ್ಲ.

ಎರಡನೆಯದಾಗಿ, ಪ್ರೋಗ್ರಾಮಿನ ಪ್ರತಿಯನ್ನು ತೆಗೆದಿಡಬೇಕು. ಹಳೆಯ ಪಿಎಲ್‌ಸಿಗಳಲ್ಲಿ ಪ್ರೋಗ್ರಾಮು ಸಣ್ಣ ಬ್ಯಾಟರಿಯ ಆಧಾರದ ಮೇಲೆ ಉಳಿದಿರುವುದುಂಟು. ಬ್ಯಾಟರಿ ಸತ್ತಿರುವುದನ್ನು ನೋಡದೆ ವಿದ್ಯುತ್ತನ್ನು ಕಡಿದರೆ, ಕಾರ್ಡು ಬದಲಿಸಲು ಹೋಗಿ ಯಂತ್ರದ ನೆನಪನ್ನೇ ಅಳಿಸಿದಂತಾಗುತ್ತದೆ.

ಮೂರನೆಯದಾಗಿ, ವಿದ್ಯುತ್ತನ್ನು ಕಡಿದು, ಬೀಗ ಹಾಕಿ, ತಂತಿಗಳಿಗೆ ಚೀಟಿ ಕಟ್ಟಿ, ಛಾಯಾಚಿತ್ರ ತೆಗೆದು, ಆಮೇಲೆ ಕಾರ್ಡನ್ನು ಬದಲಿಸಬೇಕು. ನಾಲ್ಕನೆಯದಾಗಿ, ಒಂದೊಂದೇ ಸುದ್ದಿಯನ್ನು ಅದರ ಮೂಲದಿಂದಲೇ ಪರೀಕ್ಷಿಸಬೇಕು. ಒಬ್ಬನು ಬಾಯ್ಲರಿನ ಬಳಿ, ಇನ್ನೊಬ್ಬನು ಪ್ಯಾನೆಲ್ಲಿನ ಬಳಿ ನಿಂತು ಮಾತಾಡಿಕೊಂಡು ನೋಡುವ ಈ ಕೆಲಸ ಬೇಸರದ್ದು. ಆದರೆ ಇದಕ್ಕೆ ಅಡ್ಡದಾರಿಯಿಲ್ಲ. ತಂತಿಯನ್ನು ಬೇಕೆಂದೇ ಬಿಚ್ಚಿ, ಯಂತ್ರ ಅದನ್ನು ದೋಷವೆಂದು ಗುರುತಿಸಿ ಸುರಕ್ಷಿತವಾಗಿ ನಿಲ್ಲುತ್ತದೆಯೇ ಎಂದೂ ನೋಡಬೇಕು. ಕೊನೆಯದಾಗಿ, ಮಾಡಿದ್ದನ್ನೆಲ್ಲ ನಕ್ಷೆಯಲ್ಲಿ ತಿದ್ದಿ, ದಿನಾಂಕ ಹಾಕಿ ರುಜು ಮಾಡಬೇಕು.

ಮುರಿಯುವ ಮುನ್ನ

ನಮ್ಮಲ್ಲಿ ಮುರಿದ ಮೇಲೆ ಓಡಾಡುವ ರೂಢಿ ಹೆಚ್ಚು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಹರಿಯುತ್ತಿರುವಾಗಲೇ ತಂತ್ರಜ್ಞರೂ ಕಾರ್ಮಿಕರೂ ಜೀವದ ಹಂಗು ತೊರೆದು ತಾತ್ಕಾಲಿಕ ಗೇಟನ್ನು ಕೂಡಿಸಿದರು. ಅವರ ಸಾಹಸ ಸ್ತುತ್ಯ. ಆದರೆ ವಯಸ್ಸಾದ ಭಾಗಗಳ ಲೆಕ್ಕವನ್ನು ಸಾಹಸಕ್ಕೆ ಬಿಡಬಾರದೆಂಬುದೂ ಅಷ್ಟೇ ಸತ್ಯ.

ಇತ್ತ ಕೃಷ್ಣಾ ಕಣಿವೆಯ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಉದ್ಘಾಟನೆಗೊಂಡಿತು. ಸುಮಾರು 4.5 ಲಕ್ಷ ಹೆಕ್ಟೇರಿಗೆ ನೀರುಣಿಸುವ ಆ ಕಾಲುವೆಯಲ್ಲಿ, ದೂರದಿಂದಲೇ ನೀರನ್ನು ಅಳೆದು ಗೇಟುಗಳನ್ನು ನಡೆಸುವ ಏರ್ಪಾಡು ಬಂದಿದೆ. ಇಂದು ಹೊಸದಾದ ಆ ಸಾಧನಗಳೂ ಒಂದು ದಿನ ಹಳೆಯವಾಗುವುವು. ರೈತನ ಹೊಲಕ್ಕೆ ನೀರು ಸಲ್ಲುವುದು ಅಂದು ಅವುಗಳ ಇಂದ್ರಿಯಗಳನ್ನು ಕಾಪಾಡಬಲ್ಲವರ ಮೇಲೆ ನಿಂತಿರುತ್ತದೆ.

ಅಂಥವರು ಎಲ್ಲಿಂದ ಬರಬೇಕು? ಹಳೆಯ ವ್ಯವಸ್ಥೆಗಳನ್ನು ಬಲ್ಲ ತಲೆಮಾರು ನಿವೃತ್ತವಾಗುತ್ತಿದೆ. ಅವರ ತಿಳಿವಳಿಕೆಯ ಬಹುಭಾಗ ಕಾಗದದ ಮೇಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಕಾರ್ಖಾನೆಗಳಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದೆರಡು ದಿನ ಶಾಲೆಗೆ ಬಂದು ಮಕ್ಕಳೊಡನೆ ಮಾತಾಡಿದರೆ, ಅದು ಯಾವ ಪಠ್ಯಪುಸ್ತಕವೂ ಕೊಡಲಾರದ ಪಾಠ. ಕಾರ್ಖಾನೆಗಳು ಕಿತ್ತೆಸೆಯುವ ಹಳೆಯ ಪ್ಯಾನೆಲ್ಲೊಂದನ್ನು ದಾನಿಗಳು ವಿಜ್ಞಾನದ ಪ್ರಯೋಗಶಾಲೆಗೆ ದೊರಕಿಸಿಕೊಟ್ಟರೆ, ಅದೇ ದೊಡ್ಡ ದಾಸೋಹ. ಇನ್ನು ಶಿಕ್ಷಕರು ಕಲಿಸಬೇಕಾದ ಮೊದಲ ಪಾಠ ವಿದ್ಯುತ್ತಿನದಲ್ಲ: ಕಂಡದ್ದನ್ನು ಕಂಡಂತೆ ಬರೆಯುವುದು, ಅಳೆದದ್ದನ್ನು ಮತ್ತೊಮ್ಮೆ ಅಳೆಯುವುದು, ಸಂದೇಹ ಬಂದಲ್ಲಿ ನಿಂತು ಕೇಳುವುದು. ಕಾಯಕದಲ್ಲಿ ಸತ್ಯ ಬೇಕೆಂಬ ಶರಣರ ತಿಳಿವಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಅಪರಿಚಿತ ಬೋಧೆಯೇನಲ್ಲ. ಆ ಗುಣವುಳ್ಳವನ ಕೈಗೆ ಹಳೆಯ ಯಂತ್ರವನ್ನೂ ಹೊಸ ಯಂತ್ರವನ್ನೂ ನಿಶ್ಚಿಂತೆಯಿಂದ ಒಪ್ಪಿಸಬಹುದು.