ಆ ಒಂದು ಸಾಲನ್ನು ನಾನು ಓದಿ ಹೇಳಲಿಲ್ಲ

ನಮ್ಮ ಮನೆಗೆ ಯಾವ ಫಾರಂ ಬಂದರೂ ಕೊನೆಗೆ ಅದು ನನ್ನ ಕೈಗೇ ಬರುತ್ತದೆ. ಬ್ಯಾಂಕಿನ ಕೆವೈಸಿ ಇರಲಿ, ಅಡಿಕೆ ಬೆಳೆ ವಿಮೆ ಇರಲಿ, ಅಜ್ಜಿಯ ಪಿಂಚಣಿ ಇರಲಿ, "ಅವಳು ಇಂಜಿನಿಯರಿಂಗ್ ಅಲ್ವಾ, ಓದಿ ಹೇಳ್ತಾಳೆ" ಎಂದು ದಾಟಿಸಿಬಿಡುತ್ತಾರೆ. ಹಾಗಾಗಿ ಎರಡು ವರ್ಷದ ಹಿಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಚಿಕ್ಕಪ್ಪನ ಕೈಗೆ ನಾಲ್ಕು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರ ಕೊಟ್ಟಾಗ, ಅವರು ಅದನ್ನು ನೋಡದೆಯೇ ನನ್ನತ್ತ ಚಾಚಿದರು.

ಚಿಕ್ಕಪ್ಪನ ಮನೆ ಕಡಬದ ಹತ್ತಿರದ ಹಳ್ಳಿ. ಸ್ವಲ್ಪ ಅಡಿಕೆ, ಸ್ವಲ್ಪ ರಬ್ಬರ್. ಅವರ ಮಗಳು, ನನ್ನ ತಂಗಿ, ಆಗ 15ರ ಹುಡುಗಿ, ಎಸ್ಸೆಸ್ಸೆಲ್ಸಿ. ಮೊಣಕಾಲಿನ ಕೆಳಗೆ ನೋವು ಎಂದಾಗ ಖೋ ಖೋ ಆಡಿ ಬಿದ್ದದ್ದೆಂದು ಎಣ್ಣೆ ತಿಕ್ಕಿದೆವು. ಬಾವು ಇಳಿಯಲಿಲ್ಲ. ಕೊನೆಗೆ ಬಯಾಪ್ಸಿಯಲ್ಲಿ ಬಂದ ಹೆಸರು ಯೂವಿಂಗ್ಸ್ ಸಾರ್ಕೋಮಾ, ಮೂಳೆಯ ಕ್ಯಾನ್ಸರ್. ಆದಷ್ಟು ಬೇಗ ಕಿಮೋ ಶುರು ಮಾಡಬೇಕು ಎಂದರು.

"ಅದರಲ್ಲಿ ಎಂತ ಉಂಟು?" ಎಂದು ಕೇಳಿದರು ಚಿಕ್ಕಪ್ಪ.

"ಸೈಡ್ ಎಫೆಕ್ಟ್ ಬರೆದಿದ್ದಾರೆ ಚಿಕ್ಕಪ್ಪ. ವಾಂತಿ ಬರ್ತದೆ, ಕೂದಲು ಉದುರ್ತದೆ, ಜ್ವರ ಬಂದ್ರೆ ಕೂಡಲೇ ಬರ್ಬೇಕಂತೆ."

ಮೂರನೇ ಪುಟದಲ್ಲಿ ಇನ್ನೊಂದು ಸಾಲಿತ್ತು. ಈ ಔಷಧಗಳಿಂದ ಮುಂದೆ ಮಕ್ಕಳಾಗುವ ಸಾಮರ್ಥ್ಯಕ್ಕೆ ಧಕ್ಕೆಯಾಗಬಹುದು, ಆ ಬಗ್ಗೆ ಚಿಕಿತ್ಸೆಗೆ ಮೊದಲೇ ವೈದ್ಯರ ಹತ್ತಿರ ಮಾತನಾಡಿ ಎಂದು. ನಾನು ಅದನ್ನು ಓದಿದೆ, ಅರ್ಥವೂ ಆಯಿತು. ಪಕ್ಕದಲ್ಲಿ ತಂಗಿ ಕೂತಿದ್ದಳು, ಎದುರಿಗೆ ಚಿಕ್ಕಪ್ಪ. ಜೀವ ಉಳಿದರೆ ಸಾಕು ಎನ್ನುವ ಹೊತ್ತಲ್ಲಿ, ಮದುವೆಯ ವಯಸ್ಸೂ ಆಗದ ಹುಡುಗಿಯ ಎದುರು ಈ ಮಾತು ಹೇಗೆ ಆಡುವುದು? ನಾಚಿಕೆಯಾಯಿತು. ಪುಟ ತಿರುಗಿಸಿದೆ. ಚಿಕ್ಕಪ್ಪ ಸಹಿ ಹಾಕಿದರು.

ತಂಗಿ ಗುಣವಾದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸಣ್ಣ ಮಾತಲ್ಲ. ಕಿಮೋ, ಆಪರೇಷನ್, ಮತ್ತೆ ಕಿಮೋ, ಎಲ್ಲ ಮುಗಿಸಿ ಈಗ ಪಿಯುಸಿ ಓದುತ್ತಿದ್ದಾಳೆ. ಆದರೆ ನಿಂತ ಮುಟ್ಟು ತಿಂಗಳುಗಟ್ಟಲೆ ಮರಳಲಿಲ್ಲ. ಪರೀಕ್ಷೆ ಮಾಡಿಸಿದಾಗ ಅಂಡಾಶಯದಲ್ಲಿ ಉಳಿದಿರುವ ದಾಸ್ತಾನನ್ನು ಅಂದಾಜಿಸುವ ಎಎಂಎಚ್ ಮಟ್ಟ ತೀರಾ ಕಡಿಮೆ ಬಂತು. ಪೂರ್ತಿ ಹೋಗಿದೆ ಎಂದಲ್ಲ, ಕಾದು ನೋಡಬೇಕು ಎಂದರು ಡಾಕ್ಟರು. ಹಾಗೆಯೇ ಮಾತಿಗೆ ಕೇಳಿದರು, "ಕಿಮೋಗೆ ಮೊದಲು ಏನಾದರೂ ತೆಗೆದಿಟ್ಟಿದ್ದೀರಾ?"

ತೆಗೆದಿಡುವುದೆಂದರೆ ಎಂತ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತುಂಬಲಾಗದ ಉಗ್ರಾಣ

ನನ್ನ ಪಿಯುಸಿ ಗೆಳತಿಯೊಬ್ಬಳು ಸುಳ್ಯದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಒಂದು ಭಾನುವಾರ ಪುತ್ತೂರಿನಿಂದ ಬಸ್ಸು ಹತ್ತಿ ಅವಳ ಹಾಸ್ಟೆಲ್ಲಿಗೆ ಹೋದೆ. ಅವಳು ಪುಸ್ತಕ ತೆರೆದು ವಿವರಿಸಿದಳು. ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅವು 3-4 ಲಕ್ಷಕ್ಕೆ ಇಳಿದಿರುತ್ತವೆ. ಅವುಗಳಲ್ಲಿ ಜೀವನವಿಡೀ ಬಲಿತು ಹೊರಬರುವುದು 400-500 ಮಾತ್ರ. ಗಂಡಸರ ದೇಹ ವೀರ್ಯಾಣುಗಳನ್ನು ಹೊಸದಾಗಿ ತಯಾರಿಸುತ್ತಲೇ ಇರುತ್ತದೆ. ಹೆಣ್ಣಿನದು ಹಾಗಲ್ಲ, ಹುಟ್ಟುವಾಗ ತುಂಬಿಟ್ಟ ಉಗ್ರಾಣ, ಮತ್ತೆ ತುಂಬುವಂತಿಲ್ಲ.

ಕೆಲವು ಕಿಮೋ ಔಷಧಗಳು ಈ ಉಗ್ರಾಣಕ್ಕೇ ಕೈಹಾಕುತ್ತವೆ. ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್‌ನಂಥ ಔಷಧಗಳು ಆ ಗುಂಪಿನವು. ತಂಗಿಗೆ ಎರಡೂ ಕೊಟ್ಟಿದ್ದರು. ಕಿಬ್ಬೊಟ್ಟೆಗೆ ಕೊಡುವ ರೇಡಿಯೇಷನ್, ಅಸ್ಥಿಮಜ್ಜೆ ಕಸಿಗೆ ಮೊದಲು ಕೊಡುವ ಭಾರೀ ಡೋಸ್ ಇನ್ನೂ ಹೆಚ್ಚು ಅಪಾಯ. ಇದು ಕ್ಯಾನ್ಸರಿಗೆ ಮಾತ್ರ ಸೀಮಿತವಲ್ಲ. ಥಲಸ್ಸೀಮಿಯಾಕ್ಕೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಳ್ಳುವ ಮಕ್ಕಳು, ಲೂಪಸ್‌ನಿಂದ ಕಿಡ್ನಿಗೆ ಪೆಟ್ಟಾಗಿ ಸೈಕ್ಲೋಫಾಸ್ಫಮೈಡ್ ತೆಗೆದುಕೊಳ್ಳುವ ಯುವತಿಯರು ಕೂಡ ಇದೇ ಸಾಲಿನಲ್ಲಿದ್ದಾರೆ. ಹಾಗೆಂದು ಎಲ್ಲ ಕಿಮೋ ಒಂದೇ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಸಾಮಾನ್ಯ ಚಿಕಿತ್ಸೆಯಲ್ಲಿ ಹುಡುಗಿಯರ ಸಂತಾನಶಕ್ತಿಗೆ ಅಪಾಯ ಕಡಿಮೆ. ಯಾರಿಗೆ ಎಷ್ಟು ಅಪಾಯ ಎಂಬುದು ಔಷಧ, ಪ್ರಮಾಣ, ವಯಸ್ಸಿನ ಮೇಲೆ ಹೋಗುತ್ತದೆ. ಅದನ್ನು ತಿಳಿಯಲು ಕೇಳಲೇಬೇಕು.

ಹಟ್ಟಿಯಲ್ಲಿದ್ದ ತಂತ್ರಜ್ಞಾನ

ಹಾಗಾದರೆ ತೆಗೆದಿಡುವುದು ಏನನ್ನು? ಮುಟ್ಟು ಶುರುವಾದ ಹುಡುಗಿಯಾದರೆ, ಸುಮಾರು ಎರಡು ವಾರ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಬಲಿತ ಅಂಡಾಣುಗಳನ್ನು ಹೊರತೆಗೆದು ಶೀತಲೀಕರಿಸಬಹುದು. ಇನ್ನೂ ಮೈನೆರೆಯದ ಮಗುವಿಗೆ, ಅಥವಾ ಎರಡು ವಾರ ಕಾಯಲು ಸಮಯವಿಲ್ಲದವರಿಗೆ, ಇನ್ನೊಂದು ದಾರಿ ಇದೆ. ಲ್ಯಾಪರೋಸ್ಕೋಪಿ ಮೂಲಕ ಒಂದು ಅಂಡಾಶಯವನ್ನು ಅಥವಾ ಅದರ ಭಾಗವನ್ನು ತೆಗೆದು, ಹೊರಪದರವನ್ನು ತೆಳ್ಳಗೆ ಹೋಳು ಮಾಡಿ ಶೀತಲೀಕರಿಸುವುದು. ಅಪಕ್ವ ಅಂಡಾಣುಗಳು ಇರುವುದು ಆ ಹೊರಪದರದಲ್ಲೇ. ಹುಡುಗಿ ಗುಣವಾಗಿ ದೊಡ್ಡವಳಾದ ಮೇಲೆ, ಅವಳಿಗೆ ಬೇಕೆನಿಸಿದರೆ ಆ ಹೋಳನ್ನು ಮತ್ತೆ ಕಸಿ ಮಾಡುತ್ತಾರೆ. ರೇಡಿಯೇಷನ್ ಮಾತ್ರ ಕೊಡುವುದಾದರೆ ಅಂಡಾಶಯವನ್ನು ಕಿರಣ ಬೀಳುವ ಜಾಗದಿಂದ ಸರಿಸಿ ಕೂರಿಸುವ ಕ್ರಮವೂ ಇದೆ.

ಮೆಕ್ಯಾನಿಕಲ್ ಓದುವ ನನಗೆ ಇಲ್ಲಿ ಕುತೂಹಲ ಹುಟ್ಟಿತು. ಜೀವಕೋಶದಲ್ಲಿ ನೀರೇ ಹೆಚ್ಚು. ಸುಮ್ಮನೆ ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಕೋಶವನ್ನು ಒಳಗಿಂದ ಸೀಳಿಬಿಡುತ್ತವೆ. ಅದಕ್ಕೇ ಮೊದಲು ಹರಳುಗಟ್ಟದಂತೆ ತಡೆಯುವ ದ್ರಾವಣದಲ್ಲಿ ನೆನೆಸುತ್ತಾರೆ. ಆಮೇಲೆ ಲೆಕ್ಕಹಾಕಿ ಬಹಳ ನಿಧಾನಕ್ಕೆ ತಂಪು ಮಾಡುತ್ತಾರೆ, ಇಲ್ಲವೇ ನೀರು ಹರಳಾಗಲು ಸಮಯವೇ ಸಿಗದಷ್ಟು ವೇಗವಾಗಿ ಗಾಜಿನ ಸ್ಥಿತಿಗೆ ತರುತ್ತಾರೆ. ಹೋಳು ಒಂದೆರಡು ಮಿಲಿಮೀಟರ್ ದಪ್ಪ ಮಾತ್ರ ಯಾಕೆ? ದ್ರಾವಣ ಒಳಗಿನವರೆಗೆ ಇಳಿಯಬೇಕು, ಶಾಖ ಎಲ್ಲೆಡೆ ಸಮನಾಗಿ ಹೊರಹೋಗಬೇಕು. ಹೀಟ್ ಟ್ರಾನ್ಸ್‌ಫರ್ ಪೇಪರಿಗೆ ನಾನು ಬಾಯಿಪಾಠ ಮಾಡಿದ್ದೇ ಅಲ್ಲಿ ಕೆಲಸ ಮಾಡುತ್ತಿತ್ತು. ಕೊನೆಗೆ ಇಡುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ.

ದ್ರವ ಸಾರಜನಕ ಎಂದ ಕೂಡಲೇ ನೆನಪಾದದ್ದು ನಮ್ಮ ಹಟ್ಟಿ. ದನ ಬೆದೆಗೆ ಬಂದಾಗ ಅಪ್ಪ ಫೋನ್ ಮಾಡುತ್ತಾರೆ, ಇಂಜೆಕ್ಷನ್ ಕೊಡುವವರು ಬೈಕಿನಲ್ಲಿ ಕ್ಯಾನ್ ಕಟ್ಟಿಕೊಂಡು ಬರುತ್ತಾರೆ. ಮುಚ್ಚಳ ತೆರೆದಾಗ ಬಿಳಿ ಹೊಗೆ ಏಳುತ್ತದೆ. ಒಳಗೆ ಇರುವುದು ಅದೇ ಮೈನಸ್ 196, ಅದರಲ್ಲಿ ಮುಳುಗಿಸಿಟ್ಟ ವೀರ್ಯದ ಸ್ಟ್ರಾ. ಪುತ್ತೂರು, ಸುಳ್ಯ, ಕಡಬದಲ್ಲಿ ದನ ಸಾಕುವ ಮನೆಯವರಿಗೆ ಇದು ಹೊಸತಲ್ಲ. ದನದ ವಿಷಯವನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಮಾತನಾಡುವ ನಾವು, ಮನೆಯ ಹುಡುಗಿಯ ವಿಷಯ ಬಂದಾಗ ಪುಟ ತಿರುಗಿಸಿದೆವು.

ಆಗಿದೆ, ಆದರೆ ಖಾತ್ರಿ ಇಲ್ಲ

ಬೆಲ್ಜಿಯಂನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಮೊದಲು 1997ರಲ್ಲಿ ಅಂಡಾಶಯದ ಅಂಗಾಂಶ ತೆಗೆದಿಟ್ಟಿದ್ದ ಮಹಿಳೆಯೊಬ್ಬರು, ಅದನ್ನು ಮರಳಿ ಕಸಿ ಮಾಡಿಸಿಕೊಂಡು 2004ರಲ್ಲಿ ಮಗುವಿಗೆ ಜನ್ಮ ಕೊಟ್ಟರು. ವೈದ್ಯ ಜಾಕ್ ಡೊನೆಜ್ ಅವರ ತಂಡದ ಕೆಲಸ ಅದು. ಥಲಸ್ಸೀಮಿಯಾ ಇದ್ದ ದುಬೈ ಮೂಲದ ಹುಡುಗಿಯೊಬ್ಬಳ ಅಂಡಾಶಯವನ್ನು ಅವಳ 9ನೇ ವಯಸ್ಸಿನಲ್ಲಿ, ಅಸ್ಥಿಮಜ್ಜೆ ಕಸಿಗೆ ಮೊದಲು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತೆಗೆದಿಟ್ಟಿದ್ದರು. 2016ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಅವಳಿಗೆ ಗಂಡು ಮಗು ಹುಟ್ಟಿತು. ಅಮೆರಿಕದ ಸಂತಾನ ವೈದ್ಯಕೀಯ ಸಂಸ್ಥೆ 2019ರಲ್ಲಿ ಈ ವಿಧಾನಕ್ಕೆ ಅಂಟಿಸಿದ್ದ 'ಪ್ರಾಯೋಗಿಕ' ಎಂಬ ಹಣೆಪಟ್ಟಿ ತೆಗೆಯಿತು.

ಆಸೆ ಹುಟ್ಟಿಸುವ ಕಥೆಗಳು ನಿಜ. ಆದರೆ ಈವರೆಗೆ ಹೀಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು ಅಂಗಾಂಶ ತೆಗೆದಿಟ್ಟದ್ದು ವಯಸ್ಕರಾದ ಮೇಲೆ. ಚಿಕ್ಕ ಹುಡುಗಿಯರದ್ದು ಇನ್ನೂ ಬೆರಳೆಣಿಕೆಯ ಉದಾಹರಣೆ. ರಕ್ತದ ಕ್ಯಾನ್ಸರಿನಲ್ಲಿ ಆ ಹೋಳಿನೊಳಗೇ ರೋಗದ ಕಣ ಉಳಿದಿರುವ ಭಯವಿರುವುದರಿಂದ ಮರಳಿ ಕಸಿ ಮಾಡಲು ಹಿಂಜರಿಯುತ್ತಾರೆ. ಕೆಲವು ಮಕ್ಕಳ ಸ್ಥಿತಿ ಒಂದು ದಿನವೂ ಕಾಯುವಂತಿರುವುದಿಲ್ಲ, ಅಲ್ಲಿ ಜೀವವೇ ಮೊದಲು. ದುಡ್ಡಿನ ಪ್ರಶ್ನೆಯೂ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದೆ, ಸಂತಾನಶಕ್ತಿಗೆ ಸಂಬಂಧಿಸಿದ ಚಿಕಿತ್ಸೆ ಅದರಲ್ಲಿ ಸೇರಿಲ್ಲ. ಆಪರೇಷನ್ ಅಲ್ಲದೆ ವರ್ಷ ವರ್ಷ ಇಟ್ಟುಕೊಳ್ಳುವ ಖರ್ಚೂ ಬರುತ್ತದೆ.

ಇದು ವಿದೇಶದ ಮಾತು ಮಾತ್ರ ಎಂದುಕೊಂಡಿದ್ದೆ. ಅಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಭ್ರೂಣಶಾಸ್ತ್ರ ವಿಭಾಗ ಕ್ಯಾನ್ಸರ್ ರೋಗಿಗಳ, ಮಕ್ಕಳ ಸಂತಾನಶಕ್ತಿ ಉಳಿಸುವ ವಿಷಯದಲ್ಲೇ ಕೆಲಸ ಮಾಡುತ್ತಿದೆ. ನಾವು ಕೂತಿದ್ದ ಮಂಗಳೂರಿನಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ.

ನಾವು ಕೇಳಬೇಕಾದದ್ದು

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಈ ಪುಟ ಓದುವ ನಿಮ್ಮಲ್ಲಿ ಹೆಚ್ಚಿನವರು ನನ್ನ ಹಾಗೆ ಮನೆಯ ಫಾರಂ ತುಂಬುವವರು. ಆಸ್ಪತ್ರೆಗೆ ಜೊತೆ ಹೋಗುವವರು, ಕೌಂಟರಿನಲ್ಲಿ ನಿಲ್ಲುವವರು, ಇಂಗ್ಲಿಷ್ ಓದಿ ಹೇಳುವವರು ನಾವೇ. ಡಾಕ್ಟರು ಹೇಳುವುದಕ್ಕೂ ಮನೆಯವರಿಗೆ ಅರ್ಥವಾಗುವುದಕ್ಕೂ ನಡುವೆ ಇರುವ ಸಂಕ ನಾವು. ಆ ಸಂಕ ನಾಚಿಕೆಪಟ್ಟು ಅರ್ಧಕ್ಕೇ ನಿಂತರೆ ಏನಾಗುತ್ತದೆಂದು ನನಗೆ ಗೊತ್ತು.

ಹಾಗಾಗಿ ಯಾರ ಮನೆಯ ಹುಡುಗಿಗಾದರೂ ಇಂಥ ಚಿಕಿತ್ಸೆ ಎಂದಾಗ, ಮೊದಲ ಡೋಸ್‌ಗೆ ಮುಂಚೆ ಇಷ್ಟು ಕೇಳಿ. ಈ ಚಿಕಿತ್ಸೆಯಿಂದ ಅವಳ ಅಂಡಾಶಯಕ್ಕೆ ಅಪಾಯ ಎಷ್ಟು? ಚಿಕಿತ್ಸೆ ಶುರು ಮಾಡಲು ಎಷ್ಟು ದಿನ ಕಾಯಬಹುದು? ಅವಳ ವಯಸ್ಸಿಗೆ, ಅವಳ ಕಾಯಿಲೆಗೆ ಯಾವ ದಾರಿ ಸರಿ? ಎಲ್ಲಿ ಮಾಡುತ್ತಾರೆ, ಎಷ್ಟು ಖರ್ಚು, ಎಷ್ಟು ವರ್ಷ ಇಡಬಹುದು? ಹೋಗುವ ಕೇಂದ್ರ 2021ರ ಎಆರ್‌ಟಿ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದೂ ನೋಡಿಕೊಳ್ಳಿ. ಹುಡುಗರ ವಿಷಯದಲ್ಲೂ ಕೇಳಿ, ಪ್ರಾಯಕ್ಕೆ ಬಂದ ಹುಡುಗನ ವೀರ್ಯ ತೆಗೆದಿಡುವುದು ಇದಕ್ಕಿಂತ ಎಷ್ಟೋ ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ವಯಸ್ಸಿಗೆ ಅರ್ಥವಾಗುವ ಮಾತಿನಲ್ಲಿ ಅವಳನ್ನೂ ಕೇಳಿ.

ಈ ಕೊನೆಯ ಮಾತು ನನಗೆ ಕಲಿಸಿದವಳು ತಂಗಿ. ಕಳೆದ ದೀಪಾವಳಿಗೆ ಅವಳ ಮನೆಗೆ ಹೋಗಿದ್ದಾಗ, ಅಡಿಕೆ ಅಂಗಳದ ಬದಿಯಲ್ಲಿ ಕೂತು, ಎಲ್ಲ ಹೇಳಿಬಿಟ್ಟೆ. ಮೂರನೇ ಪುಟ, ಆ ಸಾಲು, ನಾನು ತಿರುಗಿಸಿದ್ದು. ಅವಳು ತುಂಬಾ ಹೊತ್ತು ಸುಮ್ಮನಿದ್ದಳು.

"ನಂಗೆ ಮಕ್ಕಳು ಬೇಕೋ ಬೇಡ್ವೋ ಈಗ ಗೊತ್ತಿಲ್ಲ ಅಕ್ಕ. ಬೇಡ ಅಂತಲೂ ಹೇಳ್ತಿದ್ದೆನೋ ಏನೋ" ಎಂದಳು. "ಆದ್ರೆ ಕೇಳ್ಬೇಕಿತ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ದಿನ ಅವಳು ತನ್ನ ಹೊಸ ಮಾತ್ರೆಗಳ ಚೀಟಿ ತಂದು ನನ್ನ ಕೈಗಿಟ್ಟಳು. "ಓದಿ ಹೇಳು. ಒಂದು ಸಾಲೂ ಬಿಡ್ಬಾರ್ದು."

ಓದಿದೆ. ಇದನ್ನು ಪತ್ರಿಕೆಗೆ ಬರೆಯಲು ಒಪ್ಪಿದವಳೂ ಅವಳೇ. ಹೆಸರು ಮಾತ್ರ ಬೇಡ ಎಂದಿದ್ದಾಳೆ.