ಬೈಪೋಲಾರ್ ಕಾಯಿಲೆಗೆ ಒಗ್ಗುವ ಔಷಧಿ

ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಸು ಕೆಲವು ವಾರ ಉನ್ಮಾದಕ್ಕೇರುತ್ತದೆ, ಮತ್ತೆ ತಿಂಗಳುಗಟ್ಟಲೆ ಖಿನ್ನತೆಗಿಳಿಯಬಹುದು. ಎಲ್ಲರಿಗೂ ಒಗ್ಗುವ ಒಂದೇ ಮಾತ್ರೆ ಇದಕ್ಕಿಲ್ಲ. ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವುಂಟು. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ಹುರುಪಿನಿಂದ ಓಡಾಡಿದ, ಮಿತಿಮೀರಿ ಖರ್ಚು ಮಾಡಿದ ದಿನಗಳಿದ್ದರೆ ಮನೆಯವರು ವೈದ್ಯರಿಗೆ ಹೇಳಲೇಬೇಕು.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಫಲಕಾರಿ ಎಂದು ವರದಿ ಮಾಡಿದರು. ಇಂದಿಗೂ ಅದೇ ಮುಖ್ಯ ಔಷಧಿ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ದೀರ್ಘಕಾಲ ಸೇವಿಸುವವರ ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು. ರಾತ್ರಿ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ, ಬೆಳಗಿನ ಮಾತ್ರೆಗೆ ಮೊದಲು ರಕ್ತ ಕೊಡಬೇಕು. ಜೊಯಿಡಾದ ಕಾಡಿನ ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೊರಟವರು ಅಂದಿನ ಮಾತ್ರೆಯನ್ನು ಕೈಚೀಲದಲ್ಲಿಟ್ಟುಕೊಂಡು, ರಕ್ತ ಕೊಟ್ಟ ಬಳಿಕ ನುಂಗುವುದು ಸರಿ. ಪ್ರಮಾಣ ಬದಲಿಸಿದರೆ ವಾರದ ನಂತರ ಮತ್ತೆ ಪರೀಕ್ಷೆ. ಮೂತ್ರಪಿಂಡ, ಥೈರಾಯ್ಡ್ ತಪಾಸಣೆ ಆರು ತಿಂಗಳಿಗೊಮ್ಮೆ.

ದಾಂಡೇಲಿ, ಹಳಿಯಾಳದ ಬೇಸಿಗೆಯಲ್ಲಿ ದುಡಿಯುವವರಿಗೆ ಬೆವರು, ಭೇದಿಯಿಂದ ಮೈಯ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ, ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಲಿಥಿಯಂ ಒಗ್ಗದವರಿಗೆ ಬೇರೆ ಔಷಧಿಗಳಿವೆ, ಆದರೆ ಅವುಗಳಲ್ಲೂ ಎಚ್ಚರ ಬೇಕು. ವಾಲ್‌ಪ್ರೊಯೇಟ್ ಗರ್ಭದ ಶಿಶುವಿಗೆ ಅಪಾಯಕಾರಿ. ಲ್ಯಾಮೊಟ್ರಿಜಿನ್ ಅನ್ನು ಹಲವು ವಾರಗಳಲ್ಲಿ ನಿಧಾನ ಏರಿಸಬೇಕು, ಮೈಮೇಲೆ ದದ್ದು ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಒಲಾಂಜಪಿನ್‌ನಿಂದ ತೂಕ, ಸಕ್ಕರೆ ಹೆಚ್ಚಬಹುದು. ಗುಣವಾಯಿತೆಂದು ತಾವೇ ಮಾತ್ರೆ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಮುಂಡಗೋಡದ ಒಳಹಳ್ಳಿಯಿಂದಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಸಲಹೆ ಕೇಳಬಹುದು.