ಬೆಂಕಿ ರೋಗದ ಬಲ ಎಲ್ಲಿದೆ?

ಭತ್ತದ ಎಲೆಗಳ ಮೇಲೆ ವಜ್ರಾಕಾರದ ಚುಕ್ಕೆಗಳೆದ್ದು, ನೋಡನೋಡುತ್ತ ಪೈರೆಲ್ಲ ಸುಟ್ಟಂತಾಗುವುದನ್ನು ನಮ್ಮ ರೈತರು ಬೆಂಕಿ ರೋಗ ಎನ್ನುತ್ತಾರೆ. ಇದನ್ನು ತರುವುದು ಮ್ಯಾಗ್ನಪೋರ್ತೆ ಒರೈಝೆ ಎಂಬ ಶಿಲೀಂಧ್ರ. ಭತ್ತದ ಎಲೆಗೆ ಮೇಣದ ಹೊದಿಕೆಯಿದೆ, ಸಿಲಿಕಾದ ಗಟ್ಟಿತನವಿದೆ. ಬರಿಗಣ್ಣಿಗೆ ಕಾಣದ ಬೀಜಕವೊಂದು ಅದನ್ನು ತೂರಿ ಒಳನುಗ್ಗುವುದು ಹೇಗೆ?

ಎಲೆಯ ತೇವದಲ್ಲಿ ಮೊಳೆತ ಬೀಜಕ ತನ್ನ ಮೊಳಕೆಯ ತುದಿಯಲ್ಲಿ ಗುಂಡನೆಯ ಕೋಶವೊಂದನ್ನು ಕಟ್ಟುತ್ತದೆ. ಅದರೊಳಗೆ ಗ್ಲಿಸರಾಲ್ ಸಂಗ್ರಹವಾದಂತೆ ಹೊರಗಿನ ನೀರು ಒಳಸೇರಿ ಒತ್ತಡ ಏರುತ್ತದೆ. ಅದು ಸುಮಾರು 80 ವಾಯುಭಾರ, ಕಾರಿನ ಟೈರಿನೊಳಗಿನ ಒತ್ತಡದ ಹತ್ತಾರು ಪಟ್ಟು. ಆ ಬಲದಿಂದಲೇ ಶಿಲೀಂಧ್ರದ ಚೂಪು ಎಳೆ ಎಲೆಯನ್ನು ಚುಚ್ಚುತ್ತದೆ. ಗ್ಲಿಸರಾಲ್ ಸೋರಿಹೋಗದಂತೆ ತಡೆಯುವುದು ಕೋಶಭಿತ್ತಿಯ ಕಪ್ಪು ಮೆಲನಿನ್ ಪದರ. ಮೆಲನಿನ್ ತಯಾರಿಸಲಾಗದ ರೂಪಾಂತರಿ ಶಿಲೀಂಧ್ರಗಳು ಗಾಯಗೊಂಡ ಎಲೆಗಷ್ಟೇ ಸೋಂಕು ತರಬಲ್ಲವು.

ಮೆಲನಿನ್ ಹಲವು ಹಂತಗಳಲ್ಲಿ ತಯಾರಾಗುತ್ತದೆ. ಅದರಲ್ಲೊಂದು ಹಂತ ಸೈಟಲೋನ್ ಡಿಹೈಡ್ರಟೇಸ್ ಎಂಬ ಕಿಣ್ವದ್ದು: ಸೈಟಲೋನ್ ಅಣುವಿನಿಂದ ನೀರಿನ ಒಂದು ಅಣುವನ್ನು ಕಳಚುವುದು ಅದರ ಕೆಲಸ. ಇಂಥ ಕಿಣ್ವವನ್ನು ಪರೀಕ್ಷಿಸಲು ಅದು ಧಾರಾಳವಾಗಿ, ಶುದ್ಧವಾಗಿ ಸಿಗಬೇಕು. ಅದಕ್ಕೇ ಜೀನ್ ಕ್ಲೋನಿಂಗ್. ಶಿಲೀಂಧ್ರದ ಆರ್‌ಎನ್‌ಎಯಿಂದ ಈ ಕಿಣ್ವದ ಜೀನಿನ ಡಿಎನ್‌ಎ ಪ್ರತಿ ತಯಾರಿಸಿ, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಜೋಡಿಸಿ, ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಬ್ಯಾಕ್ಟೀರಿಯಾವೇ ಆ ಕಿಣ್ವವನ್ನು ತಯಾರಿಸಿಕೊಡುತ್ತದೆ. ಆಮೇಲೆ ಅದರ ವೇಗ ಎಷ್ಟು, ಯಾವ ಅಣು ಅದನ್ನು ಕಟ್ಟಿಹಾಕುತ್ತದೆ ಎಂಬುದನ್ನೆಲ್ಲ ಅಳೆಯಬಹುದು. ಈ ಕಿಣ್ವ 172 ಅಮೈನೋ ಆಮ್ಲಗಳ ಸರಪಳಿ.

ಈ ತಿಳಿವಳಿಕೆಯ ಬೆಲೆ ಜಪಾನಿನಲ್ಲಿ ಗೊತ್ತಾಯಿತು. ಅಲ್ಲಿ ಬಳಕೆಗೆ ಬಂದ ಕಾರ್ಪ್ರೊಪಮಿಡ್ ಔಷಧಿ ಈ ಕಿಣ್ವವನ್ನು ತಡೆಯುತ್ತಿತ್ತು. ಶಿಲೀಂಧ್ರವನ್ನು ಕೊಲ್ಲದೆಯೇ ಅದರ ಚುಚ್ಚುವ ಬಲವನ್ನು ಕಸಿಯುತ್ತಿತ್ತು. ಆದರೆ 2001ರಲ್ಲಿ ಕ್ಯೂಶು ದ್ವೀಪದ ಗದ್ದೆಗಳಲ್ಲಿ ಔಷಧಿಗೆ ಬಗ್ಗದ ಶಿಲೀಂಧ್ರ ಕಾಣಿಸಿಕೊಂಡಿತು. ಜೀನನ್ನು ಓದಿದಾಗ ಕಿಣ್ವದ ಸರಪಳಿಯ 75ನೇ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೋ ಆಮ್ಲದ ಬದಲು ಮಿಥಿಯೊನಿನ್ ಇತ್ತು. ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸ! ಹಾಗೆ ಬದಲಾದ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ನೋಡಿದಾಗ ಔಷಧಿಯ ಹಿಡಿತ ಸಡಿಲವಾಗಿರುವುದು ಖಚಿತವಾಯಿತು.

ನಮ್ಮ ಗದ್ದೆಗಳಲ್ಲಿ ಸಿಂಪಡಿಸುವ ಟ್ರೈಸೈಕ್ಲಜೋಲ್ ಕೂಡ ಮೆಲನಿನ್ ತಯಾರಿಯನ್ನೇ ತಡೆಯುತ್ತದೆ, ಆದರೆ ಬೇರೊಂದು ಕಿಣ್ವದ ಮೂಲಕ. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆದರೆ ಬದಲಾದ ಶಿಲೀಂಧ್ರವಷ್ಟೇ ಉಳಿದು ಬೆಳೆಯುವ ಅಪಾಯವಿದೆ. ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವ ಔಷಧಿಗಳನ್ನು ಸರದಿಯಲ್ಲಿ ಬಳಸುವುದು, ರೋಗ ತಡೆಯುವ ತಳಿ ಬಿತ್ತುವುದು, ಸಾರಜನಕ ಗೊಬ್ಬರವನ್ನು ಹದವರಿತು ಹಾಕುವುದು, ಈ ಮೂರೂ ಒಟ್ಟಿಗೆ ನಡೆಯಬೇಕು. ಜೊತೆಗೆ, ಗದ್ದೆಯ ಶಿಲೀಂಧ್ರದ ಜೀನುಗಳನ್ನು ಆಗಾಗ ಪರೀಕ್ಷಿಸುತ್ತಿದ್ದರೆ ಔಷಧಿ ಸೋಲುವ ಮುನ್ನವೇ ರೈತರನ್ನು ಎಚ್ಚರಿಸಬಹುದು.